ಹೊತ್ತು ಮುಳುಗೋ ಮುಂಚೆ ಊಟ

ಜೂನ್ ಹನ್ನೊಂದರ ಬೆಳಿಗ್ಗೆ ಸ್ನೇಹಾ ತನ್ನ ಫೋನನ್ನು ವಯನಾಡಿನ ಕಲ್ಪೆಟ್ಟ ಪೊಲೀಸ್ ಠಾಣೆಯ ಮೇಜಿನ ಮೇಲಿಟ್ಟು, "ಇದು ನನ್ನ ಮಾನ ಕಳೀತಿದೆ, ಮೇಡಂ," ಎಂದಳು.

ಕಾಫಿ ತೋಟದ ನಡುವೆ ಸ್ನೇಹಾಳ ಮನೆಯವರದೊಂದು ಹೋಂಸ್ಟೇ. ಬುಕಿಂಗ್ ಎಲ್ಲ ಅವಳ ವಾಟ್ಸ್ಯಾಪ್ ನಂಬರಿನಲ್ಲೇ. ಎರಡು ದಿನದಿಂದ ಆ ನಂಬರಿನಿಂದ ಅತಿಥಿಗಳಿಗೆ ಬೈಗುಳ ಹೋಗುತ್ತಿತ್ತು. ಅತ್ತೆ ಕುಸುಮಾವತಿ "ತವರಿಗೆ ನಡಿ" ಎಂದುಬಿಟ್ಟಿದ್ದರು.

ಇನ್‌ಸ್ಪೆಕ್ಟರ್ ಶ್ಯಾಮಳ ಮೊದಲು ನಂಬಲಿಲ್ಲ. ಬೈದು ಆಮೇಲೆ ಅಳುವವರನ್ನು ಆಕೆ ಬೇಕಾದಷ್ಟು ಕಂಡಿದ್ದರು. ಆದರೂ ಎಫ್‌ಐಆರ್ ದಾಖಲಿಸಿ, ಫೋನ್ ಆಫ್ ಮಾಡಿಸಿ, ಲಕೋಟೆಯಲ್ಲಿಟ್ಟು ಸೀಲ್ ಮಾಡಿದರು. ಅವರು ವಿಚಾರಿಸಿದ್ದ ಮೈಸೂರಿನ ಅತಿಥಿಯೊಬ್ಬರು ಮಧ್ಯಾಹ್ನ ಮತ್ತೆ ಕರೆ ಮಾಡಿದರು. ಅದೇ ನಂಬರಿನಿಂದ ಈಗಷ್ಟೇ ಇನ್ನೊಂದು ಬೈಗುಳ ಬಂದಿದೆಯಂತೆ!

"ಸ್ನೇಹಾಳ ಖಾತೆಗೆ ಬೇರೊಂದು ಕಂಪ್ಯೂಟರ್ ಜೋಡಿಸಿದ್ದಾರೆ," ಎಂದರು ಸೈಬರ್ ವಿಭಾಗದವರು. "ಕಂಟೇನರಿನೊಳಗೆ ಮೆಸೇಜ್ ಕಳಿಸೋ ಎಪಿಐ ಪ್ರೋಗ್ರಾಂ ಓಡ್ತಿರಬೇಕು."

"ಕಂಟೇನರಾ? ಘಾಟಿ ತಿರುವಲ್ಲಿ ಸಿಕ್ಕಾಕಿಕೊಳ್ಳೋ ಲಾರಿನಾ?" ಎಂದ ಕಾನ್‌ಸ್ಟೇಬಲ್ ಬಿನು.

ಲಾರಿಯಲ್ಲ, ಕಂಪ್ಯೂಟರಿನೊಳಗೇ ಬೇರೆ ಮಾಡಿಟ್ಟ ಡಬ್ಬಿಯಂಥದ್ದು. ಅದರಲ್ಲಿರುವ ಪ್ರೋಗ್ರಾಂ, ಫೋನ್ ಮಲಗಿದ್ದರೂ ಅದರ ಹೆಸರಿನಲ್ಲಿ ಮಾತಾಡುತ್ತದೆ.

ಶ್ಯಾಮಳ ಕರ್ನಾಟಕದ ಗಡಿಯ ಬಾವಲಿ ಊರಲ್ಲಿ ಬೆಳೆದವರು, ಕನ್ನಡ ಓದಬಲ್ಲರು. ಬೈಗುಳಗಳನ್ನು ಮತ್ತೆ ಓದಿದರು. "ನಿಮ್ಮಂಥ ದರಿದ್ರದವರಿಗೆ ರೂಮಿಲ್ಲ. ಹೊತ್ತು ಮುಳುಗೋ ಮುಂಚೆ ಊಟ, ಮರೀಬೇಡಿ." ಉಗಿದ ಬಾಯಲ್ಲೇ ಊಟಕ್ಕೆ ಕರೆಯುವುದುಂಟೇ?

"ಈ ಕಡೇ ಸಾಲು ಯಾಕೆ?" ಎಂದು ಸ್ನೇಹಾಳನ್ನು ಕೇಳಿದರು.

"ನಮ್ಮದು ಜೈನರ ಮನೆ ಅಲ್ವಾ ಮೇಡಂ, ರಾತ್ರಿ ಉಣ್ಣಲ್ಲ. ಬುಕಿಂಗ್ ಮೆಸೇಜಿನ ಕೊನೇಲಿ ಯಾವಾಗಲೂ ಅದಿರುತ್ತೆ. ಬಂದವರೆಲ್ಲ ಆ ಸಾಲನ್ನೇ ಹೊಗಳ್ತಾರೆ, ಸ್ನೇಹಾ ಎಷ್ಟು ಚೆಂದ ಕರೀತಾಳೆ ಅಂತ."

"ಬರೆದದ್ದು ನೀನೇನಾ?"

ಸ್ನೇಹಾ ತಡವರಿಸಿದಳು. "ಅಕ್ಕ."

ಅಕ್ಕ ಎಂದರೆ ಓರಗಿತ್ತಿ ಅಂಜಲಿ, ಆ ಮನೆಯ ಹಿರಿಸೊಸೆ. ಅತಿಥಿಗಳಿಗೆ ತಾನಾಗಿ ಉತ್ತರ ಹೋಗುವ ಏರ್ಪಾಟು ಮಾಡಿದ್ದೂ ಅವಳೇ. "ವಿಷು ಹಬ್ಬಕ್ಕೇ ಅದನ್ನ ನಿಲ್ಲಿಸಿದೆ ಅಂದಿದ್ಲಲ್ಲ," ಎಂದಳು ಸ್ನೇಹಾ.

ಮರುದಿನ ಮಧ್ಯಾಹ್ನ ಶ್ಯಾಮಳ ಆ ಮನೆಗೆ ಹೋಗಿ, ನೆರೆಮನೆಯ ಆದಿರಾಜರನ್ನೂ ಇನ್ನೊಬ್ಬರನ್ನೂ ಪಂಚರಾಗಿ ಕೂರಿಸಿಕೊಂಡು ಅಂಜಲಿಯ ಲ್ಯಾಪ್‌ಟಾಪ್ ತೆರೆಸಿದರು. ಓಡುತ್ತಿದ್ದ ಕಂಟೇನರಿನ ಹೆಸರು 'ಸ್ನೇಹಾ'. ಸಂಜೆಗೆ ಹೊರಡಬೇಕಿದ್ದ ಎರಡು ಬೈಗುಳಗಳು ಸರದಿಯಲ್ಲಿದ್ದವು. ಪಂಚನಾಮೆಗೆ ಸಹಿ ಬಿತ್ತು.

"ಎಲ್ಲ ಬದಲಾಯಿಸಿದವಳು ಆ ಒಂದು ಸಾಲು ಯಾಕೆ ಬಿಟ್ಟೆ?"

"ಅಳಿಸೋಕೆ ಮನಸ್ಸು ಬರಲಿಲ್ಲ," ಎಂದಳು ಅಂಜಲಿ. "ಅದು ನಂದು. ಹೊಗಳಿಕೆ ಬಂದಾಗೆಲ್ಲ ಅತ್ತೆ ಊಟದ ಮನೇಲಿ ಓದಿ ಹೇಳೋರು, ನಮ್ಮ ಸ್ನೇಹನ ಮಾತು ಜೇನು ಅಂತ. ನಾನಲ್ಲೇ ಪಾತ್ರೆ ತೊಳೀತಿದ್ದೆ. ಅಕ್ಕ ಬರೆದದ್ದು ಅಂತ ಒಂದ್ಸಲಾನೂ ಇವಳು ಬಾಯಿ ಬಿಡಲಿಲ್ಲ. ಹೊಟ್ಟೆ ಉರೀತಿತ್ತು ಮೇಡಂ."

ಸ್ನೇಹಾ ತಲೆ ತಗ್ಗಿಸಿದಳು. ಶ್ಯಾಮಳರಿಗೆ ಇಬ್ಬರ ಮೇಲೂ ಸಿಟ್ಟು ಬಂತು, ಒಬ್ಬಳ ಮೇಲೆ ಕನಿಕರವೂ. ಐಟಿ ಕಾಯ್ದೆಯಡಿ ಅಂಜಲಿಯನ್ನು ಬಂಧಿಸಿ ಜೀಪಿಗೆ ಹತ್ತಿಸಿದರು.

ಜೀಪು ಹೊರಡುವಾಗ ಸ್ನೇಹಾ ಬುತ್ತಿಯ ಡಬ್ಬಿ ಹಿಡಿದು ಓಡಿಬಂದಳು. "ಅಕ್ಕಂಗೆ, ಮೇಡಂ. ಹೊತ್ತು ಮುಳುಗೋ ಮುಂಚೆ ಊಟ ಮಾಡಿಸಿ, ಮರೀಬೇಡಿ."

ಅಂಜಲಿ ಕಿಟಕಿಯತ್ತ ಮುಖ ತಿರುಗಿಸಿದಳು. "ನೋಡಿದ್ರಾ," ಎಂದಳು, "ಈಗಲೂ ಅದನ್ನ ಅವಳೇ ಹೇಳಿದ್ಲು."

ಠಾಣೆಯ ಕೆಲಸವೆಲ್ಲ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಡಬ್ಬಿ ಮುಚ್ಚಿದಂತೆಯೇ ಇತ್ತು.