ತೊಲೆಯ ನೆತ್ತಿಯ ಸಲಾಕೆಗಳು

ಸುಮನಾಬಾಯಿಗೆ ಮೇಸ್ತ್ರಿ ಉತ್ತಮನ ಪರಿಚಯವಾದದ್ದೇ ಬೈಗುಳದಿಂದ. ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ರಸ್ತೆಯ ಹಳ್ಳಕ್ಕೆ ನಿಜಾಮ ಸರಕಾರ ಸಿಮೆಂಟಿನ ಸೇತುವೆ ಕಟ್ಟಿಸುತ್ತಿದ್ದ ಕಾಲ. ಇನ್ನೂ ತೊಲೆಗಳಷ್ಟೇ ಎದ್ದಿದ್ದವು. ಅವುಗಳ ನೆತ್ತಿಯಿಂದ ಹೊರಚಾಚಿದ್ದ ಕಬ್ಬಿಣದ ಸಲಾಕೆಗಳು ಬುಟ್ಟಿ ಹೊತ್ತ ಹೆಂಗಸರ ಸೀರೆ ಹರಿಯುತ್ತವೆಂದು, ಅವರಲ್ಲೊಬ್ಬಳಾದ ಸುಮನಾ ಕಲ್ಲು ತೆಗೆದುಕೊಂಡು ಒಂದು ಸಾಲನ್ನೇ ಬಡಿದು ಮಲಗಿಸಿಬಿಟ್ಟಳು. ಮಹಾ ಉಪಕಾರ!

ಉತ್ತಮ ಓಡಿಬಂದು ಬೈದ. ಅವಳ ಕಣ್ಣು ತುಂಬಿದ್ದು ಕಂಡು ತಾನೇ ಪೆಚ್ಚಾದ. ಎರಡು ಹಲಗೆ ತಂದು, ಒಂದರ ಮೇಲೊಂದಿಟ್ಟು, ತುದಿಗಳಿಗೆ ಕಲ್ಲು ಕೊಟ್ಟು ಅವಳನ್ನು ಮೇಲೆ ನಿಲ್ಲಿಸಿದ. ಹಲಗೆಗಳು ಬಾಗಿ ಒಂದರ ಮೇಲೊಂದು ಜಾರಿದವು. ಮೊಳೆ ಹೊಡೆದು ಸೇರಿಸಿ ಮತ್ತೆ ನಿಲ್ಲಿಸಿದ. ಈ ಸಲ ಅಷ್ಟು ಬಾಗಲಿಲ್ಲ.

“ಕೆಳಗ ತೊಲಿ, ಮ್ಯಾಲ ಸ್ಲ್ಯಾಬು. ಈ ಸಲಾಕಿ ಹಿಡ್ಕೊಂಡಿದ್ರ ಎರಡೂ ಒಂದಾಗಿ ಭಾರ ಹೊರ್ತಾವ. ಇಲ್ಲಂದ್ರ ತಮ್ಮ ತಮ್ಮ ಪಾಡಿಗೆ ಬಾಗ್ತಾವ.”

ಸಂಜೆಯವರೆಗೆ ಇಬ್ಬರೂ ಕೂತು ಸಲಾಕೆಗಳನ್ನು ನೆಟ್ಟಗೆ ಮಾಡಿದರು. ಅವಳು ಓರೆಗಣ್ಣಿನಲ್ಲಿ ನೋಡಿದಾಗಲೆಲ್ಲ ಅವನೂ ಅದೇ ಕಳ್ಳತನದಲ್ಲಿರುತ್ತಿದ್ದ. ಅವಳ ಊರು ದುಬಲಗುಂಡಿಯವರಿಗೆ ಬಗ್ಗಿಸುವುದಷ್ಟೇ ಬರುತ್ತದೇನು ಎಂದು ಕೆಣಕಿದ. ಅವನ ಊರು ಮಂಠಾಳದವರಿಗೆ ಬೈಯುವುದಷ್ಟೇ ಬರುತ್ತದೆಂದು ಅವಳು ತಿರುಗಿಸಿ ಕೊಟ್ಟಳು.

ಸ್ಲ್ಯಾಬು ಹಾಕಿದರು. ಅದಕ್ಕೆ ನೀರುಣಿಸುತ್ತ ವಾರಗಳು ಕಳೆದವು. ಅವಳ ಎದೆಯೊಳಗೆ ಮಾತ್ರ ಭಯ. ಬಗ್ಗಿಸಿ ನೆಟ್ಟಗೆ ಮಾಡಿದ ಕಬ್ಬಿಣ ಒಳಗೇ ಸೀಳಿದ್ದರೆ? ಒಂದೊಂದನ್ನೂ ಮುಟ್ಟಿ ನೋಡಿದ್ದೇನೆಂದು ಉತ್ತಮ ಎಷ್ಟು ಹೇಳಿದರೂ ಸಮಾಧಾನವಿಲ್ಲ. ಸೇತುವೆ ಕಟ್ಟುವವರಲ್ಲೊಂದು ರಿವಾಜಿತ್ತು: ಮೊದಲ ಸಲ ಸೇತುವೆಯ ಮೇಲೆ ರೋಡ್ ರೋಲರ್ ಹಾಯುವಾಗ, ಸಲಾಕೆ ಕಟ್ಟಿದ ಮೇಸ್ತ್ರಿ ಕೆಳಗೆ ನಿಲ್ಲಬೇಕು. ಅದು ತಿಳಿದ ದಿನದಿಂದ ಅವಳು ದಿನಾ ಸೇತುವೆಯಡಿ ಹೋಗಿ ಆ ತೊಲೆಯಲ್ಲಿ ಬಿರುಕು ಹುಡುಕುತ್ತಿದ್ದಳು.

ಆ ದಿನ ದಂಡೆಯ ತುಂಬ ಜನ. ರೋಲರ್ ಹೊಗೆ ಬಿಡುತ್ತ ಬಂತು. ಉತ್ತಮ ಹಳ್ಳಕ್ಕಿಳಿದು, ಸರಿಯಾಗಿ ಅವಳು ಬಡಿದಿದ್ದ ತೊಲೆಯ ಅಡಿಯಲ್ಲೇ ನಿಂತ. ಪುಣ್ಯಾತ್ಮನಿಗೆ ಬೇರೆ ಜಾಗವೇ ಸಿಗಲಿಲ್ಲವೇ! ತಾಯಿ ಗಯಾಬಾಯಿ ಸೆರಗು ಹಿಡಿದೆಳೆದರೂ ಸುಮನಾ ಬಿಡಿಸಿಕೊಂಡು ಓಡಿಹೋಗಿ ಅವನ ಪಕ್ಕ ನಿಂತಳು.

ಅವನ ಮುಖ ಬಿಳಿಚಿತು. ಮೇಲೆ ಹೋಗೆಂದು ಗದರಿದ. ಇಲ್ಲಿಯವರೆಗೆ ಅಲ್ಲಾಡದೆ ನಿಂತಿದ್ದವನು ಈಗ ಅವಳ ತೋಳು ಹಿಡಿದು ದಂಡೆಯತ್ತ ದೂಡತೊಡಗಿದ.

“ಏನೂ ಆಗಂಗಿಲ್ಲ ಅಂತಿದ್ರಿ. ಈಗ್ಯಾಕ ಅಂಜಾಕತ್ತೀರಿ?”

“ಆಗ ನಾ ಒಬ್ಬನೇ ಇದ್ದೆ. ಈಗ ನೀ ಬಂದಿ. ಬದುಕಬೇಕಂತ ಆಸಿ ಆಗ್ಯಾದ.”

ತಲೆಯ ಮೇಲೆ ಗುಡುಗುಡು ಸದ್ದು. ತೊಲೆ ಕಂಪಿಸಿತು, ಧೂಳು ಉದುರಿತು. ಸುಮನಾ ಕಣ್ಣು ಮುಚ್ಚಿ ಅವನ ಎದೆಗೊರಗಿದಳು. ಸದ್ದು ಮೆಲ್ಲಗೆ ಆಚೆ ದಂಡೆಗೆ ಹೋಗಿ ನಿಂತಿತು. ಸೇತುವೆ ನಿಂತೇ ಇತ್ತು.

ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು. ಅವಳು ನಾಚಿ ಬಿಡಿಸಿಕೊಳ್ಳಹೋದಳು, ಅವನು ಬಿಡಲಿಲ್ಲ. ಅಷ್ಟರಲ್ಲಿ ಗಯಾಬಾಯಿ ಹಳ್ಳಕ್ಕಿಳಿದು ಬರುವುದು ಕಂಡಿತು. ಇಬ್ಬರಿಗೂ ರೋಲರ್‌ಗಿಂತ ದೊಡ್ಡ ಭಯವದು. ಆಕೆ ಮಗಳನ್ನು ಬಿಟ್ಟು ನೇರ ಅವನನ್ನೇ ನೋಡಿದಳು.

“ನಿಮ್ಮ ಮಂದೀನ ಹೆಣ್ಣು ಕೇಳಾಕ ಯಾವಾಗ ಕರ್ಕೊಂಡು ಬರ್ತೀರಿ, ಮೇಸ್ತ್ರಿ?”

“ನಾಳೇನೇ ಬರ್ತೇವ್ರಿ,” ಎಂದ ಉತ್ತಮ. ಅವಳನ್ನು ಹಿಡಿದ ಕೈ ಅವನಿನ್ನೂ ಬಿಟ್ಟಿರಲಿಲ್ಲ.