ಅಮ್ಮನ ಸೆಕೆಂಡ್ ಹ್ಯಾಂಡ್ ವಾಟರ್ ಸ್ಕೂಟರ್

ಅಮ್ಮ ವಾಟರ್ ಸ್ಕೂಟರಿನ ಹೊಟ್ಟೆಯ ಕೆಳಗೆ ತೂರಿಕೊಂಡು ಹದಿನೈದು ನಿಮಿಷವಾಗಿತ್ತು. ಹೊರಗೆ ಕಾಣುತ್ತಿದ್ದದ್ದು ಅವಳ ಎರಡು ಚಪ್ಪಲಿ ಮಾತ್ರ.

"ಹೊಸದರ ಹಾಗೇ ಇದೆ ಮೇಡಂ. ಕಣ್ಣು ಮುಚ್ಕೊಂಡು ತಗೊಳ್ಳಿ," ಎಂದ ಮಾರುವವನು.

"ಕಣ್ಣು ಬಿಟ್ಕೊಂಡೇ ತಗೋತೀನಿ. ಟಾರ್ಚ್ ಕೊಡೋ," ಎಂದು ಕೆಳಗಿನಿಂದ ಅಮ್ಮನ ದನಿ ಬಂತು.

ಕಡ್ಡಿ ಟಾರ್ಚ್ ಕೊಟ್ಟ. ಕಡ್ಡಿ ಅಮ್ಮನ ಒಬ್ಬನೇ ಮಗ, ಐದನೇ ಕ್ಲಾಸು. ಮೈಯಲ್ಲಿ ಮೂಳೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲದ್ದರಿಂದ ಆ ಹೆಸರು ಬಂದಿತ್ತು. ಈಗ ಅವನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸುತ್ತಿತ್ತು. ಆದರೆ ಶೆಡ್ಡಿನ ನೆಲ ಸಿಮೆಂಟಿನದು. ಬಾಯಿಬಿಡುವ ಲಕ್ಷಣವೇನೂ ಕಾಣಲಿಲ್ಲ.

ಮಾರುವವನದು ಪೀಠೋಪಕರಣದ ಅಂಗಡಿ. ಅಂಗಡಿಯ ಹಿಂದಿನ ಕತ್ತಲೆ ಶೆಡ್ಡಿನಲ್ಲೂ ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡಿದ್ದ. ನೆತ್ತಿಗೂ ಬಿಸಿಲು ಚುಚ್ಚುತ್ತದೋ ಏನೋ ಪಾಪ. ಕಡ್ಡಿ ಅವನಿಗೆ ಮನಸ್ಸಿನಲ್ಲೇ 'ಕೂಲಿಂಗ್ ಗ್ಲಾಸ್' ಎಂದು ನಾಮಕರಣ ಮಾಡಿಬಿಟ್ಟಿದ್ದ.

ಟ್ರೇಲರಿನ ಮೇಲೆ ಕೂತಿದ್ದ ಸ್ಕೂಟರ್ ಕೆಂಪಗಿತ್ತು. ಪಕ್ಕದಲ್ಲಿ ಹಳದಿ ಬೆಂಕಿಯ ಸ್ಟಿಕರ್ ಬೇರೆ. ಕೆಂಪು ಬಣ್ಣ, ಅದರ ಮೇಲೆ ಬೆಂಕಿ! ಇನ್ನು ನೋಡುವುದಕ್ಕೆ ಏನಿದೆ?

ಅಮ್ಮನಿಗೆ ತುಂಬಾ ಇತ್ತು. ಅವಳು ಧೂಳು ಕೊಡವಿಕೊಂಡು ಎದ್ದಳು.

"ಹಿಂದುಗಡೆ ನೀರು ಬಸಿಯೋಕೆ ಎರಡು ತೂತಿವೆ. ಬಿರಡೆ ಒಂದೇ ಇದೆ."

"ಅದೇನು ಮಹಾ, ಮೇಡಂ. ಅರ್ಧ ಇಂಚಿನ ತೂತು."

"ಹೌದಾ? ಹಾಗಾದ್ರೆ ಮುಳುಗೋದೂ ಅರ್ಧ ಇಂಚೇ ಬಿಡಿ. ಎಷ್ಟು ಓಡಿದೆ ಇದು?"

"ಓಡೋದು ಎಲ್ಲಿ ಬಂತು? ಎರಡು ವರ್ಷದಿಂದ ಭಾನುವಾರ ಒಂದು ರೌಂಡು. ಹತ್ತು ನಿಮಿಷ, ಅಷ್ಟೇ."

ಅಮ್ಮ ಕೀ ತಿರುಗಿಸಿದಳು. ಹ್ಯಾಂಡಲಿನ ಮುಂದಿನ ಪುಟ್ಟ ಪರದೆಯಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಕಾಣಿಸಿತು. ಇನ್ನೂರ ಹನ್ನೆರಡು.

"ನಿಮ್ಮ ಮನೇಲಿ ವಾರಕ್ಕೆ ಎಷ್ಟು ಭಾನುವಾರ ಬರುತ್ತೆ?" ಎಂದು ಅಮ್ಮ ಬಹಳ ಮರ್ಯಾದೆಯಿಂದ ಕೇಳಿದಳು.

ಕೂಲಿಂಗ್ ಗ್ಲಾಸ್ ಕೆಮ್ಮಿದ.

"ಅಮ್ಮಾ, ತಗೊಂಡು ಬಿಡಮ್ಮ," ಕಡ್ಡಿ ಅವಳ ದುಪಟ್ಟಾ ಜಗ್ಗಿದ. "ಎಷ್ಟು ಕೆಂಪಗಿದೆ ನೋಡು!"

"ಟೊಮೇಟೊನೂ ಕೆಂಪಗಿರುತ್ತೆ. ಒತ್ತಿ ನೋಡದೆ ತರ್ತೀವಾ?"

"ಹುಡುಗನಿಗೆ ಒಳ್ಳೆ ಮಾಲು ಗೊತ್ತಾಗುತ್ತೆ ಮೇಡಂ," ಎಂದು ಕೂಲಿಂಗ್ ಗ್ಲಾಸ್ ಕಡ್ಡಿಯ ಬೆನ್ನು ತಟ್ಟಿದ. ಕಡ್ಡಿಗೆ ಅವನು ಇದ್ದಕ್ಕಿದ್ದಂತೆ ಬಹಳ ಒಳ್ಳೆಯವನಾಗಿ ಕಂಡ.

ಅಮ್ಮ ಸೀಟು ಎತ್ತಿ ಎಂಜಿನ್ ಮೇಲೆ ಅಂಗೈ ಇಟ್ಟಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

"ಬೆಚ್ಚಗಿದೆಯಲ್ಲ?"

"ಬಿಸಿಲಿಗೆ ಮೇಡಂ."

"ಶೆಡ್ಡೊಳಗೆ ಯಾವ ಬಿಸಿಲು? ನಾವು ಬರೋ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದೀರ. ಇರ್ಲಿ, ತಣ್ಣಗಾಗಲಿ. ಆಮೇಲೆ ನೋಡ್ತೀನಿ."

"ಅಯ್ಯೋ, ಅದಕ್ಕೆ ಒಂದೂವರೆ ಗಂಟೆ ಬೇಕು!"

"ನನಗೇನೂ ಅರ್ಜೆಂಟಿಲ್ಲ," ಎಂದು ಅಮ್ಮ ಮೂಲೆಯ ಸ್ಟೂಲ್ ಎಳೆದುಕೊಂಡು ಕೂತಳು. "ಎದ್ದು ಕೂತಿರೋ ಎಂಜಿನ್ ಯಾರು ಬೇಕಾದ್ರೂ ಓಡಿಸ್ತಾರೆ. ಮಲಗಿದ್ದು ಹೇಗೆ ಏಳುತ್ತೆ ಅಂತ ನೋಡ್ಬೇಕು. ದಿನಾ ಬೆಳಿಗ್ಗೆ ಆರು ಗಂಟೆಗೆ ನಾನು ಎಬ್ಬಿಸೋದು ಅಂಥದ್ದನ್ನೇ."

ಅಮ್ಮನಿಗೆ ಅರ್ಜೆಂಟ್ ಇರಲಿಲ್ಲ. ಕಡ್ಡಿಗೆ ಇತ್ತು.

ಅಮ್ಮ ಸ್ಕೂಲ್ ಬಸ್ ಡ್ರೈವರ್. ಕಡ್ಡಿಯ ಸ್ಕೂಲಿನ ಬಸ್ಸೇ. ಹನ್ನೊಂದು ವರ್ಷದಲ್ಲಿ ಆ ಬಸ್ಸಿನ ಸ್ಪೀಡಿನ ಮುಳ್ಳು ಇಪ್ಪತ್ತು ದಾಟಿದ್ದನ್ನು ಕಂಡವರಿಲ್ಲ. ರಸ್ತೆಯಲ್ಲಿ ಮರದ ನೆರಳು ಬಿದ್ದರೂ ಅಮ್ಮ ಅದನ್ನು ಹಂಪ್ ಎಂದೇ ತಿಳಿದು ನಿಧಾನ ಮಾಡುತ್ತಾಳೆ ಎಂದು ಮಕ್ಕಳೆಲ್ಲ ಆಡಿಕೊಳ್ಳುತ್ತಿದ್ದರು. ಬಸ್ಸಿಗೆ 'ಆಮೆ ಎಕ್ಸ್‌ಪ್ರೆಸ್' ಎಂದು ಹೆಸರು. ಹಾಗಾದರೆ ಡ್ರೈವರಿನ ಮಗ ಯಾರು? ಆಮೆಮರಿ. ಎಂಥಾ ಬುದ್ಧಿವಂತ ಮಕ್ಕಳು ನೋಡಿ.

ಎಲ್ಲರಿಗಿಂತ ಬುದ್ಧಿವಂತ ಕಾಮೆಂಟ್ರಿ. ಕಡ್ಡಿಯ ಕ್ಲಾಸಿನವನೇ. ಕಣ್ಣಿಗೆ ಬಿದ್ದದ್ದನ್ನೆಲ್ಲ ಮ್ಯಾಚಿನ ಹಾಗೆ ಗಟ್ಟಿಯಾಗಿ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

"ವೀಕ್ಷಕರೇ, ಇದೀಗ ಒಂದು ಸೈಕಲ್ ನಮ್ಮ ಬಸ್ಸನ್ನು ಓವರ್‌ಟೇಕ್ ಮಾಡಿದೆ! ಹಿಂದೆಯೇ ಒಬ್ಬರು ತಾತ, ಕೋಲು ಊರಿಕೊಂಡು... ತಾತನೂ ಓವರ್‌ಟೇಕ್!"

ಮೊನ್ನೆ ಶುಕ್ರವಾರ ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತ್ತು. ಕಡ್ಡಿಯ ಕಿವಿ ಕೆಂಪಾಯಿತು. ಬಾಯಿಗೆ ಬ್ರೇಕ್ ಹಾಕುವುದನ್ನು ಅಮ್ಮ ಅವನಿಗೆ ಕಲಿಸಿರಲಿಲ್ಲ.

"ನಮ್ಮಮ್ಮ ವಾಟರ್ ಸ್ಕೂಟರ್ ತಗೋತಿದಾಳೆ, ಗೊತ್ತಾ? ಮುಂದಿನ ಭಾನುವಾರ ಕೆರೆ ಹತ್ರ ಬನ್ನಿ. ಎಂಬತ್ತರಲ್ಲಿ ಹೋಗ್ತಾಳೆ! ನಾನು ಹಿಂದೆ ಕೂತಿರ್ತೀನಿ!"

"ಎಂಬತ್ತಾ? ನಿಮ್ಮಮ್ಮನಾ?" ಎಂದ ಕಾಮೆಂಟ್ರಿ. "ಇಲ್ಲಾಂದ್ರೆ?"

"ಇಲ್ಲಾಂದ್ರೆ ನಾನೇ ದಿನಾ ಹಾಜರಿ ಹೇಳುವಾಗ 'ಆಮೆಮರಿ, ಪ್ರೆಸೆಂಟ್ ಮಿಸ್' ಅಂತೀನಿ."

ಎಂಥಾ ಶಪಥ! ಆರು ಜನ ಬರುವುದಾಗಿ ಹೇಳಿಯೂಬಿಟ್ಟಿದ್ದರು.

ಸ್ಕೂಟರ್ ತಗೊಳ್ಳುವ ಮಾತು ಮಾತ್ರ ಸುಳ್ಳಲ್ಲ. ಬಸ್ಸು ದಿನಾ ಕೆರೆಯ ಪಕ್ಕದ ಸೇತುವೆ ದಾಟುತ್ತಿತ್ತು. ಅಲ್ಲಿ ಸಿಗ್ನಲ್ ಕೆಂಪಾದರೆ ಅಮ್ಮ ಕೆಳಗೆ ನೀರಿನ ಮೇಲೆ ಹಾರುವ ಸ್ಕೂಟರುಗಳನ್ನೇ ನೋಡುತ್ತಿದ್ದಳು. ಸಿಗ್ನಲ್ ಹಸಿರಾದರೆ ರಸ್ತೆ ನೋಡುತ್ತಿದ್ದಳು. ಹೀಗೆ ಹನ್ನೊಂದು ವರ್ಷ. ಈ ಬೇಸಿಗೆಯಲ್ಲಿ ಎರಡು ತಿಂಗಳು ಬೋಟ್ ಶೆಡ್ಡಿನ ಮೇಷ್ಟ್ರ ಹತ್ತಿರ ಕಲಿತು ಸರ್ಟಿಫಿಕೇಟೂ ತಗೊಂಡಿದ್ದಳು.

"ನಿನ್ನ ಸ್ಪೀಡಿಗೆ ಕೆರೆ ಯಾಕೆ?" ಎಂದು ಅಜ್ಜಿ ಕೇಳಿದ್ದಳು. ಅಜ್ಜಿ ಅಮ್ಮನ ಸ್ವಂತ ಅಮ್ಮ, ಹಾಗಾಗಿ ನಾಲಗೆಗೆ ಲಗಾಮಿರಲಿಲ್ಲ. "ಬಚ್ಚಲಲ್ಲೇ ಓಡಿಸು. ಟ್ರಾಫಿಕ್ ಕಮ್ಮಿ."

ಒಂದೂವರೆ ಗಂಟೆ ಕಳೆಯಿತು. ಕೂಲಿಂಗ್ ಗ್ಲಾಸ್ ನಾಲ್ಕು ಸಲ ಗಡಿಯಾರ ನೋಡಿದ, ಎರಡು ಸಲ ಟೀ ಕುಡಿದ. ಕಡ್ಡಿ ಶೆಡ್ಡಿನಲ್ಲಿದ್ದ ಕುರ್ಚಿಗಳ ಕಾಲೆಲ್ಲ ಎಣಿಸಿ ಮುಗಿಸಿದ. ಅಮ್ಮ ಮತ್ತೆ ಅಂಗೈ ಇಟ್ಟು ನೋಡಿ, ತೃಪ್ತಿಯಿಂದ ಬಟನ್ ಒತ್ತಿದಳು.

ಕೊಕ್. ಕೊಕ್ಕೊಕ್. ನಾಲ್ಕನೇ ಸಲಕ್ಕೆ ಎಂಜಿನ್ ಎದ್ದಿತು, ಒಂದು ಬಕೆಟ್ ಹೊಗೆ ಉಗುಳಿ ಮತ್ತೆ ಮಲಗಿತು.

"ಅದಕ್ಕೆ ಸ್ವಲ್ಪ ನಾಚಿಕೆ ಸ್ವಭಾವ," ಎಂದ ಕೂಲಿಂಗ್ ಗ್ಲಾಸ್, ಹೊಗೆಯನ್ನು ಕೈಯಲ್ಲಿ ಓಡಿಸುತ್ತ.

"ಇರ್ಬೇಕು. ಹೊಸಬರನ್ನ ಕಂಡಿಲ್ಲ ನೋಡಿ ಪಾಪ," ಎಂದಳು ಅಮ್ಮ. "ಬ್ಯಾಟರಿ, ಪ್ಲಗ್ಗು, ಇನ್ನೊಂದು ಬಿರಡೆ, ಮೂರೂ ಹೊಸದು ಹಾಕ್ಸಿ. ಗುರುವಾರ ಬರ್ತೀನಿ. ಆವತ್ತು ಎಂಜಿನ್ನಿಗೆ ಬಿಸಿಲು ಕಾಯಿಸ್ಬೇಡಿ."

ಕೂಲಿಂಗ್ ಗ್ಲಾಸಿಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ. ಗುರುವಾರ ಎಂಜಿನ್ ಮೊದಲನೇ ಸಲಕ್ಕೇ ಗುಡುಗಿತು. ಆಮೇಲೂ ಅಮ್ಮ ಅರ್ಧ ಗಂಟೆ ಟಾರ್ಚ್ ಹಿಡಿದು ಸುತ್ತಿ, ಕೊನೆಗೆ "ಸರಿ" ಎಂದಳು. ಕೂಲಿಂಗ್ ಗ್ಲಾಸ್ ಗಣಿತ ಪರೀಕ್ಷೆ ಪಾಸಾದವನ ಹಾಗೆ ಉಸಿರು ಬಿಟ್ಟು, ಸ್ಕೂಟರನ್ನು ತಾನೇ ಕೆರೆಯ ಬೋಟ್ ಶೆಡ್ಡಿಗೆ ಎಳೆದುಕೊಂಡು ಹೋಗಿ ಬಿಟ್ಟುಬಂದ. ಅಮ್ಮ ಮತ್ತೆ ತನ್ನ ಶೆಡ್ಡಿಗೆ ಬರದಿದ್ದರೆ ಸಾಕಾಗಿತ್ತು ಅವನಿಗೆ.

ಭಾನುವಾರ ಬಂತು. ಅಪ್ಪನಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಡ್ಯೂಟಿ. ಅಮ್ಮನೂ ಕಡ್ಡಿಯೂ ಕೆರೆ ಮುಟ್ಟುವಾಗ ಆರೂ ಜನ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಹೋಮ್‌ವರ್ಕಿಗೆ ಯಾವತ್ತೂ ಇಷ್ಟು ಬೇಗ ಎದ್ದವರಲ್ಲ.

"ಇವರೆಲ್ಲ ಯಾಕೋ ಬಂದಿದಾರೆ?" ಎಂದಳು ಅಮ್ಮ.

"ಸುಮ್ನೆ," ಎಂದ ಕಡ್ಡಿ.

ಅಮ್ಮ ತಾನೂ ಲೈಫ್ ಜಾಕೆಟ್ ತೊಟ್ಟು, ಅವನಿಗೂ ಒಂದು ತೊಡಿಸಿ, ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ಬಿಗಿದಳು. ಆಮೇಲೆ, "ಮೊದಲು ನಾನೊಬ್ಬಳೇ ಹೋಗಿ ನೋಡ್ಕೊಂಡು ಬರ್ತೀನಿ. ನೀನು ಇಲ್ಲೇ ಇರು," ಎಂದು ಸ್ಕೂಟರ್ ಹತ್ತಿದಳು.

ದಡದಿಂದ ನೂರು ಮೀಟರ್ ದೂರದಲ್ಲಿ ಕಿತ್ತಳೆ ಬಣ್ಣದ ಗುಂಡುಗಳು ತೇಲುತ್ತಿದ್ದವು. ಅಲ್ಲಿಯವರೆಗೆ ನಿಧಾನ ಹೋಗಬೇಕು, ಅದು ಅಲ್ಲಿನ ನಿಯಮ. ನಿಯಮ ಎಂದ ಮೇಲೆ ಅಮ್ಮನಿಗೆ ಹೇಳಬೇಕೇ? ಸ್ಕೂಟರ್ ಗುಳುಗುಳು ಎನ್ನುತ್ತ ತೆವಳಿತು.

"ವೀಕ್ಷಕರೇ!" ಕಾಮೆಂಟ್ರಿ ಎದ್ದು ನಿಂತ. "ಎಡಗಡೆಯಿಂದ ಒಂದು ಬಾತುಕೋಳಿ... ಬಂತು, ಬಂತು... ಓವರ್‌ಟೇಕ್! ಬಾತುಕೋಳಿಯ ಮರಿಗಳೂ ಓವರ್‌ಟೇಕ್!"

ಆರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಡ್ಡಿಗೆ ಅಳು ಬಂತು. ನಾಳೆ ಹಾಜರಿಯ ಹೊತ್ತಿಗೆ ಹೊಟ್ಟೆನೋವು ಬರಿಸಿಕೊಳ್ಳುವುದು ಹೇಗೆ ಎಂದು ಅವನು ಯೋಚಿಸುತ್ತಿದ್ದ.

ಅಮ್ಮ ಕಿತ್ತಳೆ ಗುಂಡುಗಳನ್ನು ದಾಟಿದಳು. ಒಂದು ಸಲ ಸುತ್ತ ನೋಡಿದಳು. ಹತ್ತಿರ ಯಾರೂ ಇರಲಿಲ್ಲ.

ಆಮೇಲೆ ಕೆರೆ ಗುಡುಗಿತು.

ಸ್ಕೂಟರಿನ ಮೂತಿ ಮೇಲೆದ್ದಿತು, ಹಿಂದೆ ನೀರು ಬೆಳ್ಳಗೆ ಎರಡಾಳೆತ್ತರ ಚಿಮ್ಮಿತು. ಅಮ್ಮ ಹೋದಳು ಎಂದರೆ ಹೋದಳು! ಅವಳ ಜಡೆ ಬಿಚ್ಚಿಕೊಂಡು ಹಾರುತ್ತಿತ್ತು. ಕೆರೆಯ ಆ ತುದಿಯಲ್ಲಿ ಸರ್ರನೆ ವಾಲಿ ತಿರುಗಿ, ಅಲೆಯ ಮೇಲೆ ನೆಗೆದು, ಧಪ್ಪನೆ ಇಳಿದು, ಮತ್ತೆ ಬಂದಳು. ಜೋರಾಗಿ ಕಿರುಚುವುದು ಕೇಳಿಸಿತು. ಕಡ್ಡಿ ನೀರಿನ ಅಂಚಿಗೆ ಓಡಿದ. ಆದರೆ ಅದು ಹೆದರಿಕೆಯ ಕಿರುಚಾಟವಲ್ಲ. ಅಮ್ಮ ಕೇಕೆ ಹಾಕುತ್ತಿದ್ದಳು! ಅಮ್ಮ ಕೇಕೆ ಹಾಕಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಎಂಬತ್ತಕ್ಕೆ ಕಮ್ಮಿ ಇಲ್ಲ," ಎಂದರು ಬೋಟ್ ಶೆಡ್ಡಿನ ಮೇಷ್ಟ್ರು, ಕಣ್ಣಿಗೆ ಕೈ ಅಡ್ಡ ಹಿಡಿದು.

ವೀಕ್ಷಕರಿಗೆ ಹೇಳುವುದಕ್ಕೆ ಕಾಮೆಂಟ್ರಿಯ ಹತ್ತಿರ ಒಂದು ಮಾತೂ ಇರಲಿಲ್ಲ. ಬಾಯಿ ಮಾತ್ರ ತೆರೆದೇ ಇತ್ತು.

ಅಮ್ಮ ದಡಕ್ಕೆ ಬಂದಳು. ಮೈಯೆಲ್ಲ ನೀರು, ಮುಖವೆಲ್ಲ ನಗು.

"ಈಗ ನಾನು!" ಕಡ್ಡಿ ಒಂದೇ ನೆಗೆತಕ್ಕೆ ಹಿಂದೆ ಹತ್ತಿ, ಆರೂ ಜನರ ಕಡೆಗೆ ರಾಜನ ಹಾಗೆ ಕೈ ಬೀಸಿದ.

ಗುಳುಗುಳು, ಗುಳುಗುಳು. ಸ್ಕೂಟರ್ ಕಿತ್ತಳೆ ಗುಂಡುಗಳನ್ನು ದಾಟಿತು. ಕಡ್ಡಿ ಹಲ್ಲು ಕಚ್ಚಿ, ಅಮ್ಮನ ಜಾಕೆಟ್ ಬಿಗಿಯಾಗಿ ಹಿಡಿದು, ಗುಡುಗಿಗೆ ಕಾದ.

ಗುಡುಗು ಬರಲಿಲ್ಲ. ಅವನು ಅಮ್ಮನ ತೋಳಿನ ಪಕ್ಕದಿಂದ ಇಣುಕಿ ಪರದೆ ನೋಡಿದ. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು. ಅಲ್ಲೇ ನಿಂತಿತು.

"ಅಮ್ಮಾ, ಜೋರಾಗಿ!"

"ಹ್ಞೂಂ, ಗಟ್ಟಿ ಹಿಡ್ಕೋ," ಎಂದಳು ಅಮ್ಮ. ಇಪ್ಪತ್ತು ಇಪ್ಪತ್ತಾಗಿಯೇ ಇತ್ತು.

"ಆಗ ಎಷ್ಟು ಸ್ಪೀಡಾಗಿ ಹೋದೆ! ಈಗ ಯಾಕೆ..."

ಅಮ್ಮನ ಎಡಗೈ ಹಿಂದಕ್ಕೆ ಬಂತು. ಅವನ ಜಾಕೆಟಿನ ಪಟ್ಟಿ ಮುಟ್ಟಿ ನೋಡಿತು. ಆಮೇಲೆ ಮೊಣಕಾಲು ಮುಟ್ಟಿತು, ಇದೆಯೋ ಇಲ್ಲವೋ ಎಂದು ಎಣಿಸುವ ಹಾಗೆ. ಮತ್ತೆ ಹ್ಯಾಂಡಲಿಗೆ ಹೋಯಿತು.

ಹ್ಯಾಂಡಲಿನ ಪಕ್ಕದಲ್ಲಿ ಒಂದು ಪುಟ್ಟ ಕನ್ನಡಿ ಇತ್ತು. ಅದರಲ್ಲಿ ಅಮ್ಮನ ಕಣ್ಣು ಕಂಡಿತು. ಅವಳು ಮುಂದೆ ನೋಡುತ್ತಿದ್ದಳು, ಕನ್ನಡಿ ನೋಡುತ್ತಿದ್ದಳು, ಮುಂದೆ ನೋಡುತ್ತಿದ್ದಳು, ಕನ್ನಡಿ ನೋಡುತ್ತಿದ್ದಳು. ಅವಳಿಗೆ ಕನ್ನಡಿಯಲ್ಲಿ ಕಾಣಲು ಬೇರೆ ಏನೂ ಇರಲಿಲ್ಲ. ಅವನೇ ಇದ್ದ. ಸ್ವಲ್ಪ ಮುಂಚೆ ಕೇಕೆ ಹಾಕಿದ ಅಮ್ಮನ ಮುಖವೇ ಅದು. ಈಗ ತುಟಿ ಬಿಗಿದುಕೊಂಡು ಅವನನ್ನೇ ಕಾಯುತ್ತಿತ್ತು.

ಬಸ್ಸಿನಲ್ಲಿ ಕಡ್ಡಿ ಯಾವಾಗಲೂ ಕೊನೆಯ ಸೀಟು. ಅಲ್ಲಿಂದ ಅಮ್ಮನ ಜಡೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವಳ ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ನಲವತ್ತು ತಲೆ ಕಾಣುತ್ತವೆ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

'ಜೋರಾಗಿ' ಎಂದು ಇನ್ನೊಂದು ಸಲ ಹೇಳಲು ಬಾಯಿ ತೆರೆದಿದ್ದವನು ಸುಮ್ಮನಾದ. ಗಾಳಿ ಮೆಲ್ಲಗೆ ಬೀಸುತ್ತಿತ್ತು. ಇಬ್ಬರೂ ಕೆರೆಗೆ ಒಂದು ಪೂರ್ತಿ ಸುತ್ತು ಬಂದರು. ಅವಸರವೇನೂ ಇರಲಿಲ್ಲ.

ದಡದಲ್ಲಿ ಕಾಮೆಂಟ್ರಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದ. ಕಳೆದುಹೋದ ಮಾತೆಲ್ಲ ವಾಪಸ್ ಸಿಕ್ಕಿದ ಹಾಗಿತ್ತು.

"ಎಂಬತ್ತು ಎಲ್ಲೋ? ನೀನು ಹಿಂದೆ ಕೂತು ಎಂಬತ್ತರಲ್ಲಿ ಹೋಗ್ತೀನಿ ಅಂದಿದ್ದೆ!"

"ಹ್ಞೂಂ, ಅಂದಿದ್ದೆ."

"ನಿಮ್ಮಮ್ಮ ಒಬ್ಬರೇ ಇದ್ದಾಗ ಹಾಗೆ ಹಾರಿದ್ರು. ಈಗ ಏನಾಯ್ತು?"

"ಹಿಂದೆ ನಾನಿದ್ದೆ ಕಣೋ," ಎಂದ ಕಡ್ಡಿ.

ಕಾಮೆಂಟ್ರಿ ಸ್ಕೂಟರ್ ನೋಡಿದ, ಜಡೆ ಹಿಂಡಿಕೊಳ್ಳುತ್ತಿದ್ದ ಅಮ್ಮನನ್ನು ನೋಡಿದ. ಆಮೇಲೆ ಕಡ್ಡಿಯ ಹತ್ತಿರ ಬಂದು ದನಿ ತಗ್ಗಿಸಿದ.

"ನಾನು ಕೂತ್ರೆ?"

"ನೀನು ಕೂತ್ರೂ ಅಷ್ಟೇ," ಎಂದು ಕಡ್ಡಿ ತನ್ನ ಲೈಫ್ ಜಾಕೆಟ್ ಬಿಚ್ಚಿ ಅವನ ಕೈಗೆ ಕೊಟ್ಟ.