ಅಕ್ಕನ ತಟ್ಟೆ

"ಅಮ್ಮಾ, ಈ ರೂಮು ಯಾವತ್ತು ಖಾಲಿ ಆಗುತ್ತೆ?"

ಬಡಗಿ ಕೇಳಿದ್ದು ಇಷ್ಟೇ. ಅಳತೆ ಟೇಪನ್ನು ಗೋಡೆಗೆ ಒತ್ತಿ ಹಿಡಿದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆಯುತ್ತಾ, ಅಕ್ಕನ ಮುಖ ಕೂಡ ನೋಡದೆ ಕೇಳಿದ್ದ. ಮಡಿಸುತ್ತಿದ್ದ ಬಟ್ಟೆ ಅಕ್ಕನ ಕೈಯಲ್ಲೇ ನಿಂತುಬಿಟ್ಟಿತು.

"ಯಾವ ರೂಮಪ್ಪಾ?"

"ಇದೇ. ಅಜ್ಜಿಗೆ ಮಂಚ ಮಾಡ್ಬೇಕು, ಪಕ್ಕದಲ್ಲಿ ಹಿಡ್ಕೊಂಡು ಏಳೋಕೆ ಕಂಬಿ ಇರ್ಬೇಕು ಅಂತ ಮೇಡಂ ಹೇಳಿದ್ರು. ಈ ರೂಮಲ್ಲಿ ಇರೋರು ಯಾವುದೋ ವಯಸ್ಸಾದ ಹೆಂಗಸರ ಹಾಸ್ಟೆಲಿಗೆ ಹೋಗ್ತಾರಂತಲ್ಲ? ನಾಳೆ ಬಾ ಅಂದಿದ್ರು. ಇವತ್ತು ಇದೇ ಬೀದೀಲಿ ಕೆಲಸ ಇತ್ತು ನೋಡಿ, ಹಾಗೇ ಬಂದೆ."

ಈ ರೂಮಲ್ಲಿ ಇರೋರು...! ಬೇರೆ ಯಾರಾದರೂ ಆಗಿದ್ದರೆ ಕುಸಿದು ಕೂರುತ್ತಿದ್ದರು, ಇಲ್ಲವೇ ಬಡಗಿಯನ್ನು ಹೊರಗೆ ಅಟ್ಟುತ್ತಿದ್ದರು. ಅಕ್ಕ ಎರಡನ್ನೂ ಮಾಡಲಿಲ್ಲ. ಟೇಪಿನ ಇನ್ನೊಂದು ತುದಿ ಜಾರುತ್ತಿರುವುದು ಕಂಡದ್ದೇ ಹೋಗಿ ಹಿಡಿದುಕೊಂಡಳು. ಯಾರು ಏನೇ ಕೆಲಸ ಮಾಡುತ್ತಿರಲಿ, ಹೋಗಿ ಕೈ ಕೊಡುವುದು ಅವಳ ಹುಟ್ಟುಗುಣ. ತನ್ನನ್ನು ಮನೆಯಿಂದ ಹೊರಗೆ ಹಾಕುವ ಮಂಚಕ್ಕೆ ತಾನೇ ಅಳತೆ ಹಿಡಿದಳು, ಪುಣ್ಯಾತ್ಗಿತ್ತಿ!

ಅವಳನ್ನು ಇಡೀ ಬೀದಿ ಅಕ್ಕ ಎಂದೇ ಕರೆಯುತ್ತಿತ್ತು. ಹಾಲಿನವನಿಗೂ ಅಕ್ಕ, ಅವಳಿಗಿಂತ ಹಿರಿಯಳಾದ ಪಕ್ಕದ ಮನೆಯ ದರ್ಜಿಗೂ ಅಕ್ಕ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಕಣ್ಣು ಮುಚ್ಚಿದಾಗ ತಮ್ಮನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದವಳು, ಬಿಸಿ ಹಬೆಯಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಿಸುತ್ತಲೇ ಯೌವನ ಕಳೆದಳು. ಮದುವೆಯ ಮಾತು ಬಂದಾಗಲೆಲ್ಲ "ಇವನದೊಂದು ದಡ ಸೇರಲಿ" ಎಂದು ಮುಂದೂಡಿದಳು. ತಮ್ಮ ದಡ ಸೇರಿದ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟ, ಶಾಲೆಯ ಮೇಡಂ ಒಬ್ಬಳನ್ನು ಮದುವೆಯಾದ, ಮುದ್ದಾದ ಮಗಳು ಹುಟ್ಟಿದಳು. ಅಕ್ಕನ ಮದುವೆಯ ಮಾತನ್ನು ಮಾತ್ರ ಆಮೇಲೆ ಯಾರೂ ಎತ್ತಲಿಲ್ಲ.

ಕಳೆದ ತಿಂಗಳು ಅವಳಿಗೆ ಕೆಲಸದಿಂದ ನಿವೃತ್ತಿಯಾಗಿತ್ತು. ಅದರ ಸಂತೋಷಕ್ಕೆ ಊರಿಗೇ ದೊಡ್ಡದೆನಿಸಿದ ಚೈನೀಸ್ ಹೋಟೆಲಿನಲ್ಲಿ ಇವತ್ತು ಸಂಜೆ ಊಟ ಎಂದು ತಮ್ಮ ಹೇಳಿದ್ದ. ಅಕ್ಕ ಅದನ್ನು ಬೀದಿಯಲ್ಲಿ ಹೇಳಿಕೊಳ್ಳದ ಮನೆಯಿರಲಿಲ್ಲ. ಊಟದ ಸುದ್ದಿ ಹೇಳುವಾಗ ತಮ್ಮ ಯಾಕೆ ಕಣ್ಣು ತಪ್ಪಿಸಿದ ಎಂಬುದು ಈಗ ಹೊಳೆಯಿತು. ಮನೆಯಲ್ಲಿ ಹೇಳಿದರೆ ಅಕ್ಕ ಅತ್ತಾಳು. ನಾಲ್ಕು ಜನರ ನಡುವೆ, ಝಗಮಗಿಸುವ ದೀಪದ ಕೆಳಗೆ ಹೇಳಿದರೆ ನುಂಗಿಕೊಂಡಾಳು! ಇಷ್ಟು ದೂರದ ಆಲೋಚನೆ ತನ್ನ ತಮ್ಮನದಲ್ಲ ಎಂದು ಅಕ್ಕನಿಗೆ ಖಾತ್ರಿಯಿತ್ತು. ಅವನಿಗೆ ಅಷ್ಟು ಬುದ್ಧಿ ಓಡುವುದಿಲ್ಲ.

ಹಾಗೆಂದು ತಮ್ಮನ ಹೆಂಡತಿ ರಾಕ್ಷಸಿಯೇನಲ್ಲ. ಅವಳ ತಾಯಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ನೋಡಿಕೊಳ್ಳಲು ಮಗಳ ಹೊರತು ಇನ್ನೊಂದು ದಿಕ್ಕಿರಲಿಲ್ಲ. ನಾಲಿಗೆ ಸ್ವಲ್ಪ ಹರಿತ, ಅಷ್ಟೇ. "ಅಕ್ಕ, ಒಳ್ಳೇ ಬಟ್ಟೆ ಹಾಕ್ಕೊಳ್ಳಿ. ಅಲ್ಲಿ ಸೋಪಿನ ವಾಸನೆ ಹೊಡೀಬಾರದು," ಎಂದು ಸಂಜೆ ತನ್ನ ನೀಲಿ ಶಾಲನ್ನು ತಂದುಕೊಟ್ಟಳು. ಅಕ್ಕ ಬಡಗಿ ಬಂದುಹೋದ ಸುದ್ದಿ ಎತ್ತದೆ ಶಾಲು ಹೊದ್ದುಕೊಂಡಳು.

ಹೋಟೆಲಿನ ಒಳಗೆ ಕಾಲಿಟ್ಟರೆ ಕಾಲೇ ಹೂತುಹೋಗುವಂಥ ಜಮಖಾನೆ. ಮೇಲೆ ಸಾಲಾಗಿ ಕೆಂಪು ದೀಪಗಳು, ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಯಲ್ಲಿ ಬಾಯಿ ತೆರೆದು ಮುಚ್ಚುವ ಮೀನುಗಳು. ಅವರಿಗೆ ಸಿಕ್ಕಿದ್ದು ದುಂಡನೆಯ ಮೇಜು, ಅದರ ನಡುವೆ ಬೆರಳಿನಿಂದ ತಳ್ಳಿದರೆ ತಿರುಗುವ ಇನ್ನೊಂದು ಗಾಜಿನ ಹಲಗೆ. ಎಲ್ಲ ಭಕ್ಷ್ಯವನ್ನೂ ಅದರ ಮೇಲೆ ಇಡುತ್ತಾರೆ, ತಿರುಗಿಸಿಕೊಂಡು ಬೇಕಾದ್ದನ್ನು ಬಡಿಸಿಕೊಳ್ಳಬೇಕು.

"ಅತ್ತೇ, ಇಲ್ಲಿ ಯಾರೂ ಬಡಿಸೋ ಹಾಗಿಲ್ಲ! ನೀನೂ ನಮ್ ಜೊತೇನೇ ಕೂತು ತಿನ್ಬೇಕು," ಎಂದು ತಮ್ಮನ ಮಗಳು ಚಪ್ಪಾಳೆ ತಟ್ಟಿದಳು. ಅವಳಿಗೆ ಒಳಗಿನ ಸಂಗತಿ ಏನೂ ತಿಳಿದಿರಲಿಲ್ಲ.

ವೇಟರ್ ಬಂದು ಬಾಗಿ ನಿಂತ. "ಇವತ್ತು ಯಾರ ವಿಶೇಷ ಸಾರ್?"

"ನಮ್ಮಕ್ಕಂದು," ಎಂದ ತಮ್ಮ.

"ಹಾಗಾದ್ರೆ ಅವರಿಗೆ ಇಷ್ಟವಾದದ್ದನ್ನೇ ಮೊದಲು ತರ್ತೀನಿ. ಅಮ್ಮಾವ್ರಿಗೆ ಏನಿಷ್ಟ ಸಾರ್?"

ತಮ್ಮ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. "ಅವರಿಗೆ... ಎಲ್ಲಾ ಆಗುತ್ತೆ," ಎಂದಳು ಅವಳು.

"ಬದನೆಕಾಯಿ!" ಎಂದಳು ಹುಡುಗಿ. ಕೂಡಲೇ ನಾಲಿಗೆ ಕಚ್ಚಿಕೊಂಡಳು. "ಅಲ್ಲಲ್ಲ, ಅದು ಅಪ್ಪಂಗೆ. ಮೀನು ನಂಗೆ... ಅತ್ತೇ, ನಿಂಗೇನಿಷ್ಟ?"

ಎಲ್ಲರೂ ಅಕ್ಕನತ್ತ ತಿರುಗಿದರು. ಅಕ್ಕ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. ಆ ಮನೆಯಲ್ಲಿ ಎಲ್ಲರ ಊಟವಾದ ಮೇಲೆ, ಅಡುಗೆಮನೆಯಲ್ಲಿ ನಿಂತುಕೊಂಡೇ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಿಂದು ಅದೇ ಪಾತ್ರೆಯನ್ನು ತೊಳೆದಿಡುವುದು ಅವಳ ರೂಢಿ. ಏನು ಉಳಿಯಿತೋ ಅದು ಊಟ. ಇಷ್ಟ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ. ಉತ್ತರ ಹುಡುಕಿದಷ್ಟೂ ತಮ್ಮನ ಇಷ್ಟ, ಹುಡುಗಿಯ ಇಷ್ಟ, ಸತ್ತುಹೋದ ಅಪ್ಪನ ಇಷ್ಟವೇ ನಾಲಿಗೆಗೆ ಬರುತ್ತಿತ್ತು.

"ನೀವೇ ಏನಾದ್ರೂ ತನ್ನಿಪ್ಪ," ಎಂದು ನಕ್ಕುಬಿಟ್ಟಳು.

ಒಂದೊಂದೇ ಬಂದವು. ಆವಿಯಲ್ಲಿ ಬೆಂದ ಇಡೀ ಮೀನು, ಬಾತುಕೋಳಿ, ಎಣ್ಣೆಯಲ್ಲಿ ಹೊಳೆಯುವ ಬದನೆಕಾಯಿ, ನೂಡಲ್ಸ್. ಬಡಿಸಬೇಡ ಎಂದರೆ ಅಕ್ಕನ ಕೈ ಕೇಳೀತೇ? ಬದನೆಕಾಯಿ ತನ್ನ ಮುಂದೆ ಬಂದು ನಿಂತರೆ ಒಂದು ಬೆರಳಿನಿಂದ ತಮ್ಮನ ಕಡೆಗೆ ತಿರುಗಿಸಿದಳು. ಮೀನು ಬಂದರೆ ಹುಡುಗಿಯ ಕಡೆಗೆ. ಹಲಗೆ ತಿರುಗುತ್ತಲೇ ಇತ್ತು, ಮೂವರೂ ತಿನ್ನುತ್ತಲೇ ಇದ್ದರು.

"ಅಕ್ಕಾ... ಒಂದು ವಿಷಯ," ಎಂದ ತಮ್ಮ.

"ಹೇಳೋ."

"ಏನಿಲ್ಲ... ಬಾತುಕೋಳಿ ಚೆನ್ನಾಗಿದೆ ಅಲ್ವಾ?"

ಮೇಜಿನ ಕೆಳಗೆ ಹೆಂಡತಿ ಅವನ ಕಾಲು ತುಳಿದದ್ದು ಅಕ್ಕನಿಗೂ ತಿಳಿಯಿತು. "ಅಕ್ಕಾ, ಅದೇನಂದ್ರೆ..." ಎಂದ ಮತ್ತೆ. ಹಣೆಯ ಮೇಲೆ ಬೆವರು. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಚಿಕ್ಕಂದಿನಲ್ಲಿ ಶಾಲೆಯ ಚೀಲ ಕಳೆದುಕೊಂಡು ಬಂದು ಬಾಗಿಲ ಹೊರಗೇ ನಿಲ್ಲುತ್ತಿದ್ದವನು ಇವನೇ. ಅಯ್ಯೋ, ಮಗು ಹೇಗೆ ಒದ್ದಾಡುತ್ತಿದೆ! ಅಕ್ಕನಿಗೆ ತನ್ನ ದುಃಖ ಮರೆತೇಹೋಯಿತು.

"ಬಡಗಿ ಇವತ್ತೇ ಬಂದಿದ್ದ ಕಣೋ," ಎಂದಳು ಮೆಲ್ಲಗೆ. "ಅಳತೆ ತಗೊಂಡು ಹೋದ. ಅಜ್ಜಿ ಮಂಚ ಕಿಟಕಿ ಕೆಳಗೆ ಹಾಕಿಸ್ಬೇಡ, ಚಳಿಗಾಳಿ ನೇರ ತಲೆಗೆ ಹೊಡಿಯುತ್ತೆ. ನಾನು ನಾಳೆನೇ ಹೊರಡ್ತೀನಿ. ಹಾಸ್ಟೆಲ್ ಎಲ್ಲಿದೆ ಅಂತ ಅಷ್ಟು ಹೇಳಿಬಿಡು, ಸಾಕು."

ಹುಡುಗಿಯ ಕೈಯಿಂದ ಊಟದ ಕಡ್ಡಿಗಳು ಜಾರಿ ಬಿದ್ದವು. "ಹಾಸ್ಟೆಲ್ಲಾ? ಯಾರು? ಅತ್ತೆನಾ...?"

ತಮ್ಮ ತಲೆ ಎತ್ತಿದ. ಆಗ ಅವನಿಗೆ ಕಂಡದ್ದು ಅಕ್ಕನ ಮುಖವಲ್ಲ, ಅವಳ ತಟ್ಟೆ. ಅಂಚಿನಲ್ಲಿ ಬಿಡಿಸಿದ್ದ ನೀಲಿ ಬಳ್ಳಿಗೆ ಒಂದು ಹನಿ ಎಣ್ಣೆ ಕೂಡ ತಾಗಿರಲಿಲ್ಲ. ಊರಿನವರ ಕಣ್ಣಿಗೆಲ್ಲ ಗಾಜು ಹಾಕಿ ಕಳಿಸುವವನು ಬಿಕ್ಕಿಬಿಕ್ಕಿ ಅತ್ತುಬಿಟ್ಟ!

"ಅಕ್ಕಾ... ನೀನು ಊಟ ಮಾಡೋದನ್ನ ನಾನು ಒಂದು ದಿನಾನೂ ನೋಡಿಲ್ಲ! ಇಷ್ಟು ವರ್ಷ... ಒಂದು ದಿನಾನೂ...! ಬೇಡ, ನೀನು ಎಲ್ಲಿಗೂ ಹೋಗಬೇಡ. ನಾನು ಹಜಾರದಲ್ಲಿ ಮಲಗ್ತೀನಿ. ಅಜ್ಜಿನೂ ಇರಲಿ, ನೀನೂ ಇರು."

"ಜಾಗದ ಮಾತು ಅಂದ್ಕೊಂಡ್ರಾ?" ಹೆಂಡತಿ ಗಂಡನತ್ತ ತಿರುಗಿದಳು. ಅಕ್ಕಪಕ್ಕದ ಮೇಜಿನವರು ಇತ್ತ ನೋಡುತ್ತಿದ್ದುದನ್ನೂ ಅವಳು ಲೆಕ್ಕಿಸಲಿಲ್ಲ. "ಮದುವೆಯಾಗಿ ಬಂದು ಇಷ್ಟು ವರ್ಷ ಆಯ್ತು. ನಿಮ್ಮ ತಟ್ಟೆಗೆ ನಾನು ಒಂದು ಸೌಟು ಬಡಿಸಿಲ್ಲ ರೀ! ನನ್ನ ಮಗಳಿಗೆ ಒಂದು ತುತ್ತು ಕಲಸಿ ಕೊಟ್ಟಿಲ್ಲ. ನಾನು ಒಲೆ ಹತ್ರ ಹೋಗೋಷ್ಟರಲ್ಲಿ ಎಲ್ಲಾ ಆಗಿರುತ್ತೆ. 'ನೀನು ಕೂತ್ಕೋ ಕಣಮ್ಮಾ, ನೀನು ಕೂತ್ಕೋ...' ಕೂತು ಕೂತು ನಾನು ಆ ಮನೆಗೆ ನೆಂಟಳಾಗೇ ಉಳಿದೆ. ನಮ್ಮಮ್ಮ ಬಂದ್ರೂ ಅಷ್ಟೇ, ಅವರಿಗೂ ಅಕ್ಕನೇ ಮಾಡ್ತಾರೆ. ಹೆತ್ತ ತಾಯಿಗೂ ನಾನು ಗಂಜಿ ಕುಡಿಸೋ ಹಾಗಿಲ್ಲ... ಒಳ್ಳೆಯವರ ಮೇಲೆ ಸಿಟ್ಟು ಮಾಡ್ಕೊಳ್ಳೋದು ಎಷ್ಟು ಕಷ್ಟ ಗೊತ್ತಾ?"

ಅಕ್ಕ ಅವಳನ್ನೇ ನೋಡಿದಳು. ಈ ಮಾತನ್ನು ಅವಳು ಎಂದೂ ನಿರೀಕ್ಷಿಸಿರಲಿಲ್ಲ. ಯಾರಾದರೂ ತನ್ನ ಕೆಲಸ ಸರಿಯಿಲ್ಲ ಎಂದಿದ್ದರೆ ಎದುರು ಮಾತಾಡಬಹುದಿತ್ತು. ಪ್ರೀತಿ ಎಂದುಕೊಂಡು ತಾನು ಮನೆ ತುಂಬಾ ಹರಡಿಕೊಂಡು ನಿಂತಿದ್ದೆ, ಇನ್ನೊಬ್ಬಳಿಗೆ ಕಾಲಿಡಲು ಜಾಗ ಬಿಟ್ಟಿರಲಿಲ್ಲ... ಅದು ಸುಳ್ಳಾಗಿರಬಾರದೇ ಎಂದು ಮನಸ್ಸು ಹಂಬಲಿಸಿತು. ಅದು ಸುಳ್ಳಾಗಿರಲಿಲ್ಲ.

ಆಗಲೇ ವೇಟರ್ ತಿಳಿಯಾದ ಸೂಪಿನ ದೊಡ್ಡ ಬೋಗುಣಿಯನ್ನು ತಂದಿಟ್ಟು, ಇವರ ಮುಖ ನೋಡಿ ಸದ್ದಿಲ್ಲದೆ ಹಿಂದೆ ಸರಿದ. ಅಕ್ಕನ ಬೆರಳು ಅಭ್ಯಾಸಬಲದಿಂದ ಹಲಗೆಯ ಅಂಚಿಗೆ ಹೋಯಿತು. ಹೋಗಿ, ಅಲ್ಲೇ ನಿಂತಿತು. ಕೈ ಹಿಂದಕ್ಕೆಳೆದು ಮಡಿಲಲ್ಲಿ ಇಟ್ಟುಕೊಂಡಳು.

"ನಂಗೆ ಹಸಿವಾಗಿದೆ," ಎಂದಳು ತಮ್ಮನ ಹೆಂಡತಿಗೆ. "ಬಡಿಸು ಕಣಮ್ಮಾ."

ಹೆಂಡತಿ ಎದ್ದು ನಿಂತಳು. ಅವಸರದಲ್ಲಿ ಸೌಟು ಬಗ್ಗಿಸಿ, ಸೂಪು ಅಕ್ಕನ ಬಟ್ಟಲಿನ ಹೊರಗೂ ಚೆಲ್ಲಿತು. "ಅಕ್ಕಾ, ತಪ್ಪು ತಿಳ್ಕೋಬೇಡಿ..." ಎನ್ನುತ್ತಾ ಅತ್ತಳು. ಅಕ್ಕ ಚಮಚ ಎತ್ತಿದಳು. ಆದರೆ ಎಲ್ಲರೂ ತನ್ನನ್ನೇ ನೋಡುವಾಗ ನುಂಗುವುದು ಹೇಗೆ!

"ನೀವೆಲ್ಲ ಆ ಮೀನು ನೋಡ್ರೋ. ನಂಗೆ ನಾಚಿಕೆ ಆಗುತ್ತೆ."

ಮೂವರೂ ಗಾಜಿನ ತೊಟ್ಟಿಯತ್ತ ತಿರುಗಿದರು. ಅಕ್ಕ ಕುಡಿದಳು. ಬಿಸಿ, ಹಗುರ, ಮೇಲೆ ಶುಂಠಿಯ ಎಳೆಗಳು, ತಳದಲ್ಲಿ ಮೆತ್ತನೆಯ ಅಣಬೆ. ಇನ್ನೊಂದು ಚಮಚ ಕುಡಿದಳು. ಆಮೇಲೆ ಇನ್ನೊಂದು.

"ಇದು," ಎಂದಳು, ತನಗೇ ಆಶ್ಚರ್ಯವಾದವಳಂತೆ. "ಇದು ನಂಗೆ ಇಷ್ಟ."

ಮರುದಿನ ಅವಳು ಹೊರಟಳು. ತಮ್ಮ ಕಾಲು ಹಿಡಿಯಲು ಬಂದ, ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. ಹೆಂಡತಿಯೇ, "ಇದ್ದುಬಿಡಿ ಅಕ್ಕಾ, ಹೇಗೋ ಹೊಂದಿಕೊಳ್ಳೋಣ," ಎಂದಳು. ಅದು ಬಾಯಿಮಾತಲ್ಲ ಎಂದು ಅಕ್ಕನಿಗೆ ತಿಳಿದಿತ್ತು. ಇದ್ದರೆ ಬೆಳಿಗ್ಗೆ ತನ್ನ ಕಾಲು ತಾನಾಗಿಯೇ ಒಲೆಯ ಮುಂದೆ ಹೋಗಿ ನಿಲ್ಲುತ್ತದೆ ಎಂದೂ ತಿಳಿದಿತ್ತು. "ಆಗಾಗ ಬರ್ತೀನಿ. ಬಂದಾಗ ಕೂರಿಸಿ ಬಡಿಸು, ನೆಂಟಳಿಗೆ ಬಡಿಸೋ ಹಾಗೆ," ಎಂದು ಅವಳ ಕೆನ್ನೆ ಸವರಿದಳು.

ಹಾಸ್ಟೆಲಿನ ಊಟದ ಕೋಣೆಯಲ್ಲಿ ಉದ್ದನೆಯ ಬೆಂಚುಗಳು, ಬಡಿಸಲು ಬೇರೆ ಹೆಂಗಸರು. ಏಳಲು ಹೋದ ಅಕ್ಕನನ್ನು ಪಕ್ಕದಲ್ಲಿದ್ದ ಮುದುಕಿ ಕೈ ಹಿಡಿದು ಕೂರಿಸಿದಳು. ಹಿಂದೊಮ್ಮೆ ಬಸ್ಸಿನಲ್ಲಿ ಟಿಕೆಟು ಹರಿಯುತ್ತಿದ್ದವಳಂತೆ, ಬಲು ಮಾತುಗಾರ್ತಿ.

"ಹೊಸಬರಾ? ಭಾನುವಾರ ಕೇಳಿದ್ದು ಮಾಡಿ ಕೊಡ್ತಾರೆ ಇಲ್ಲಿ. ಏನಿಷ್ಟ ನಿಮಗೆ?"

"ನನ್ನ ತಮ್ಮಂಗೆ ಬದನೆಕಾಯಿ ಅಂದ್ರೆ ಪ್ರಾಣ. ಅವನ ಮಗಳಿಗೆ ಮೀನು, ಮುಳ್ಳು ತೆಗೆದು ಕೊಡ್ಬೇಕು..."

"ಅವರದಲ್ಲ ರೀ. ನಿಮ್ದು."

ಆ ಬಟ್ಟಲು, ಚೆಲ್ಲಿದ ಸೂಪು, ತನಗೆ ಬೆನ್ನು ಮಾಡಿ ಮೀನು ನೋಡುತ್ತಾ ಕೂತಿದ್ದ ಆ ಮೂರು ತಲೆಗಳು ಅಕ್ಕನ ಕಣ್ಣ ಮುಂದೆ ಬಂದವು.

"ಒಂದು ಸೂಪು," ಎಂದಳು. "ಮೇಲೆ ಶುಂಠಿ ತೇಲ್ತಿತ್ತು. ನಮ್ಮ ಮನೆ ಹುಡುಗಿ ಬಡಿಸಿದ್ಲು."

ಅಷ್ಟರಲ್ಲಿ ಅವಳ ತಟ್ಟೆಗೆ ಯಾರೋ ಬಿಸಿ ಅನ್ನ ಹಾಕಿದರು. ಅಕ್ಕ ಕಣ್ಣೊರೆಸಿಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ಮೊದಲ ತುತ್ತು ಬಾಯಿಗಿಟ್ಟಳು.